ವಾಲ್ವ್ ಸೋರುತ್ತಿದೆ ಅಂದವನಿಗೆ ಏನು ಉತ್ತರ ಸಿಗುತ್ತದೆ?

ಬಾಗಲಕೋಟೆ ಜಿಲ್ಲೆಯಲ್ಲಿ ಈಗ ಕಬ್ಬು ನುರಿಸುವ ಸೀಸನ್. ಮುಧೋಳ, ಜಮಖಂಡಿ ಕಡೆ ಯಾವ ಸಕ್ಕರೆ ಕಾರ್ಖಾನೆಗೆ ಹೋದರೂ ‘ಸುರಕ್ಷತೆಯೇ ಮೊದಲು’ ಅನ್ನೋ ಬೋರ್ಡು ಕಾಣುತ್ತದೆ. ಮಾರ್ಚ್ 4 ಬಂದರೆ ರಾಷ್ಟ್ರೀಯ ಸುರಕ್ಷತಾ ದಿನ. ಸಾಲಾಗಿ ನಿಂತು ಪ್ರತಿಜ್ಞೆ, ಫೋಟೋ, ಚಹಾ, ಮುಗೀತು.

ನನಗೆ ಇದರಲ್ಲಿ ನಂಬಿಕೆ ಇಲ್ಲ. ರಾತ್ರಿ ಪಾಳಿಯಲ್ಲಿ ಗುತ್ತಿಗೆ ಹುಡುಗನೊಬ್ಬ ಬಂದು "ಸರ, ವಾಲ್ವ್ ಹತ್ರ ಉಗಿ ಬರಾಕತ್ತೈತಿ" ಅಂದಾಗ ಶಿಫ್ಟ್ ಇನ್‌ಚಾರ್ಜ್ ಏನಂತಾನೆ ಅನ್ನೋದರಲ್ಲೇ ಆ ಕಾರ್ಖಾನೆಯ ಸುರಕ್ಷತೆ ಗೊತ್ತಾಗುತ್ತದೆ. ನಾನು ಮೊದಲು ಇದ್ದ ಕಡೆ ಉತ್ತರ ಹೀಗಿರುತ್ತಿತ್ತು: "ಯಾರ್ಡ್‌ನಾಗ ಟ್ರ್ಯಾಕ್ಟರ್ ನಿಂತಾವು, ನೀ ಮಿಲ್ ನಿಲ್ಲಸ್ತೀಯೇನು?" ಹೀಗೆ ಬೈಸಿಕೊಂಡವನು ಮತ್ತೆ ಬಾಯಿ ಬಿಡ್ತಾನಾ? ಅಲ್ಲಿ ಅಪಘಾತ ಇಲ್ಲದ ದಿನಗಳ ಲೆಕ್ಕ ಬರೆಯೋ ಬೋರ್ಡೂ ಇತ್ತು. ಬೆರಳು ಜಜ್ಜಿಸಿಕೊಂಡವನಿಗೆ ಸುಮ್ನೆ ರಜೆ ಬರೆದು ಮನೆಗೆ ಕಳಿಸೋರು, ಲೆಕ್ಕ ಸೊನ್ನೆಗೆ ಬರಬಾರದಲ್ಲ!

ಕೆಲವು ವಿಷಯ ಬಾಯಿಬಿಟ್ಟು ಹೇಳದೆ ಗೊತ್ತಾಗೋದೇ ಇಲ್ಲ. ತ್ಯಾಜ್ಯ ನೀರಿನ ಗುಂಡಿಯಲ್ಲಿ ಹುಟ್ಟೋ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಆದರೆ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮುಟ್ಟಿದರೆ ಮೂಗೇ ಮರಗಟ್ಟಿ ವಾಸನೆ ಹಿಡಿಯೋದು ನಿಲ್ಲುತ್ತದೆ. ವಾಸನೆ ಹೋಯ್ತು, ಗ್ಯಾಸೂ ಹೋಯ್ತು ಅಂದುಕೊಂಡು ಒಬ್ಬ ಇಳೀತಾನೆ, ಅವನು ಬಿದ್ದ ಅಂತ ಎತ್ತೋಕೆ ಇನ್ನೊಬ್ಬ ಇಳೀತಾನೆ. ಗ್ಯಾಸ್ ಅಳೆಯೋ ಮೀಟರ್ ಇಟ್ಟು ನೋಡದೆ, ಹಗ್ಗ ಕಟ್ಟದೆ ಇಳೀಬೇಡ ಅಂತ ಅವನಿಗೆ ಅರ್ಥವಾಗೋ ಭಾಷೆಯಲ್ಲಿ ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಸತ್ತ 7 ಜನರೂ ಬಿಹಾರದವರು. ನಮ್ಮ ಭಾಗದಲ್ಲಿ ಅಪಾಯದ ಕೆಲಸ ಯಾರು ಮಾಡ್ತಾರೆ ಅಂತ ಎಷ್ಟೋ ಜನರಿಗೆ ಗೊತ್ತಾಗಿದ್ದೇ ಆಗ. ಅವರಿಗೆ ಇಂಗ್ಲಿಷ್ ಪೋಸ್ಟರ್ ಅಂಟಿಸಿ ಏನು ಉಪಯೋಗ?

ಕೆಲಸಗಾರರ ಇಂಥ ಮಾತು ಕೇಳುತ್ತಾ ಕೂತರೆ ಉತ್ಪಾದನೆ ಕಡಿಮೆ ಆಗುತ್ತೆ ಅನ್ನೋರಿಗೆ ಒಂದು ಮಾತು. ಸೋರೋ ಗ್ಯಾಸ್ಕೆಟ್ಟನ್ನು (ಪೈಪಿನ ಜೋಡಣೆ ಸೋರದಂತೆ ನಡುವೆ ಇಡೋ ಪಟ್ಟಿ) ಕ್ಲೀನಿಂಗ್‌ಗೆ ಮಿಲ್ ನಿಲ್ಲಿಸಿದಾಗಲೇ ಬದಲಿಸಬಹುದು. ಮುಚ್ಚಿಟ್ಟರೆ ಅದು ನಡುರಾತ್ರಿ ಒಡೆಯುತ್ತದೆ, ಯಾರ್ಡ್‌ನಲ್ಲಿ ಕಬ್ಬು ಒಣಗುತ್ತದೆ, ರಿಕವರಿ, ಅಂದರೆ ಕಬ್ಬಿನಿಂದ ಸಿಗೋ ಸಕ್ಕರೆಯ ಪ್ರಮಾಣ, ಬೀಳುತ್ತದೆ. ಅದೇ ಟ್ರ್ಯಾಕ್ಟರ್‌ಗಳು ಇನ್ನೂ ಜಾಸ್ತಿ ಹೊತ್ತು ಕಾಯ್ತವೆ, ಅಲ್ವಾ?

ಈಗ ನಾನಿರೋ ಕಡೆ ಒಬ್ಬ ಎಂಜಿನಿಯರ್ ಹೊಸ ಪದ್ಧತಿ ಶುರು ಮಾಡಿದ್ದಾರೆ. ಯಾರು ಏನು ಹೇಳಿದರು, ಅದಕ್ಕೆ ಏನು ಮಾಡಿದೆವು, ಮಾಡದಿದ್ದರೆ ಯಾಕೆ ಅಂತ ಮುಂದಿನ ಪಾಳಿಯವರ ಎದುರು ಬೋರ್ಡಿನಲ್ಲಿ ಬರೀತಾರೆ. ಮೊದಮೊದಲು ಬೋರ್ಡ್ ತುಂಬಿ ಗೋಡೆ ಮೇಲೂ ಚೀಟಿ ಅಂಟಿಸಬೇಕಾಯ್ತು. ಇಷ್ಟೊಂದು ತೊಂದರೆ ಒಮ್ಮೆಲೇ ಎಲ್ಲಿಂದ ಬಂದವು ಅಂತ ಮೇಲಿನವರಿಗೆ ಗಾಬರಿ. ಎಲ್ಲಿಂದಲೂ ಬಂದಿಲ್ಲ ಸ್ವಾಮಿ, ಹೋದ ಸೀಸನ್ನಿನಲ್ಲೂ ಅಲ್ಲೇ ಇದ್ದವು.