ಪುಕ್ಕಟೆ ಎಂದರೆ ಇಷ್ಟು ಅಸಡ್ಡೆಯೇ?

ವೇಲ್ಸ್ ರಾಜಧಾನಿ ಕಾರ್ಡಿಫ್‌ಗೆ ಬರುವ ನೆಂಟರ ಮೇಲೆ ನನಗೆ ಪ್ರೀತಿಯೇ. ಆದರೆ ಅವರನ್ನು ಕ್ಯಾಥೇಸ್ ಪಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಮೈ ಉರಿಯುತ್ತದೆ. ಪ್ರವೇಶ ಉಚಿತ ಎಂದು ಬಾಯಿ ತಪ್ಪಿ ಹೇಳಿದರೆ ಮುಗಿಯಿತು. “ಹಾಗಾದರೆ ಒಳಗೆ ಅಂಥದ್ದೇನಿರುತ್ತದೆ? ಅರ್ಧ ಗಂಟೆ ಸಾಕು” ಎನ್ನುತ್ತಾರೆ. ಅದೇ ಜನ ಪಕ್ಕದ ಕೋಟೆಗೆ ಪೌಂಡು ತೆತ್ತು ಹೋದಾಗ, ಕೊಟ್ಟ ದುಡ್ಡು ವಸೂಲಾಗುವ ತನಕ ಒಂದು ಕಲ್ಲನ್ನೂ ಬಿಡುವುದಿಲ್ಲ.

ಫ್ರೆಂಚ್ ಚಿತ್ರಕಾರ ರೆನ್ವಾರ್ 1874ರಲ್ಲಿ ಬಿಡಿಸಿದ ನೀಲಿ ಉಡುಪಿನ ಪ್ಯಾರಿಸ್ ಹೆಣ್ಣು ಈ ಸಂಗ್ರಹಾಲಯದಲ್ಲಿದ್ದಾಳೆ. ಆಗ ಹೊಸದಾಗಿದ್ದ ಇಂಪ್ರೆಷನಿಸ್ಟ್ ಶೈಲಿಯ ಚಿತ್ರಕಾರರ ಮೊದಲ ಪ್ರದರ್ಶನದಲ್ಲಿದ್ದ ಚಿತ್ರ ಅದು. ಕಲಾಕೃತಿಗಳನ್ನು ಸಂಗ್ರಹಿಸುತ್ತಿದ್ದ ವೇಲ್ಸ್‌ನ ಗ್ವೆಂಡೊಲಿನ್ ಮತ್ತು ಮಾರ್ಗರೆಟ್ ಡೇವಿಸ್ ಸೋದರಿಯರು ಉಯಿಲಿನಲ್ಲಿ ಬಿಟ್ಟುಹೋದ 260 ಕೃತಿಗಳಲ್ಲಿ ಒಂದು. ಅವಳಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡು ನಡೆದೇಬಿಡುತ್ತಾರೆ! ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ ಬಿಡಿಸಿದ ತಾವರೆಕೊಳಗಳಿಗಂತೂ ಅಷ್ಟು ಮರ್ಯಾದೆಯೂ ಇಲ್ಲ.

ಪ್ರಾಣಿಗಳ ವಿಭಾಗದಲ್ಲಾದರೂ ನಿಲ್ಲುತ್ತಾರೆಂದುಕೊಂಡೆ. 1988ರಲ್ಲಿ ವೇಲ್ಸ್‌ನದೇ ಹಾರ್ಲೆಕ್ ಕಡಲತೀರಕ್ಕೆ ಬಂದು ಬಿದ್ದ ಲೆದರ್‌ಬ್ಯಾಕ್ ಕಡಲಾಮೆ ಅಲ್ಲಿದೆ, ತೂಕ 900 ಕಿಲೋಗೂ ಹೆಚ್ಚು. ನಮ್ಮ ಚಿಕ್ಕಪ್ಪ ಒಮ್ಮೆ ಕಣ್ಣು ಹಾಯಿಸಿ, “ಪ್ಲಾಸ್ಟಿಕ್ ಇರಬೇಕು ಬಿಡು” ಎಂದು ತೀರ್ಪು ಕೊಟ್ಟರು.

ಪುಕ್ಕಟೆಯಂತೆ! ನನ್ನ ಸಂಬಳದಿಂದ ತಿಂಗಳು ತಿಂಗಳು ಹಿಡಿಯುವ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದಾರೋ.

ಇವರೆಲ್ಲ ಅತಿ ಹೆಚ್ಚು ಹೊತ್ತು ಕಳೆಯುವುದು ಉಡುಗೊರೆ ಅಂಗಡಿಯಲ್ಲಿ. ಅಲ್ಲಿ ಪ್ರತಿ ಫ್ರಿಜ್ ಮ್ಯಾಗ್ನೆಟ್ಟನ್ನೂ ತಿರುಗಿಸಿ ನೋಡಿ, ಬೆಲೆಯನ್ನು ರೂಪಾಯಿಗೆ ಗುಣಿಸಿ, ಏನನ್ನೂ ಕೊಳ್ಳದೆ ಹೊರಬರುತ್ತಾರೆ.