ಕೋಡ್ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ

ಡೆನ್ಮಾರ್ಕ್‌ನ ರಾಷ್ಟ್ರೀಯ ರೋಗಿ ದಾಖಲೆಯಲ್ಲಿರುವ ಅಪರೂಪದ ರಕ್ತದ ಕಾಯಿಲೆಗಳ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಲೇಖನವೊಂದು ಕೇಳಿದೆ. ತುಂಬಾ ಬೇಕಾದ ಪ್ರಶ್ನೆ. ನಾನು ಹನ್ನೊಂದು ವರ್ಷದಿಂದ ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿದ್ದೇನೆ, ಹಾಗಾಗಿ ಒಂದು ಮಾತು.

ಐಟಿಪಿಯನ್ನೇ ತೆಗೆದುಕೊಳ್ಳಿ. ದೇಹ ತನ್ನದೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುವ ಕಾಯಿಲೆ, ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಇದರ ಕೋಡ್ ಡಿ69.3. ಇದನ್ನು ಖಚಿತವಾಗಿ ಹೇಳುವ ಒಂದೇ ಪರೀಕ್ಷೆ ಅಂತ ಇಲ್ಲ. ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲೇ ಈ ಹೆಸರು. ವೈದ್ಯರು ಚೀಟಿಯಲ್ಲಿ ‘ಐಟಿಪಿ?’ ಎಂದು ಬರೆದಿರುತ್ತಾರೆ. ಕೋಡ್ ಹಾಕುವಾಗ ಆ ಪ್ರಶ್ನೆ ಚಿಹ್ನೆ ಬಿಟ್ಟುಹೋದರೆ ಮುಗೀತು, ಬರೀ ಅನುಮಾನವೇ ದಾಖಲೆಯಲ್ಲಿ ಕಾಯಿಲೆಯಾಗುತ್ತದೆ.

ಒಮ್ಮೆ ಒಬ್ಬ ಹೆಣ್ಣುಮಗಳಿಂದ ತೆಗೆದ, ನೇರಳೆ ಮುಚ್ಚಳದ ಟ್ಯೂಬ್‌ನ ರಕ್ತಕ್ಕೆ ಮಷಿನ್ 28,000 ಪ್ಲೇಟ್‌ಲೆಟ್ ತೋರಿಸಿತು. ಮನೆಯವರು ಗಾಬರಿಯಾಗಿದ್ದರು. ಸ್ಲೈಡ್ ನೋಡಿದರೆ ಪ್ಲೇಟ್‌ಲೆಟ್‌ಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿವೆ, ಮಷಿನ್ ಅವನ್ನು ಒಂದೊಂದಾಗಿ ಎಣಿಸಿಲ್ಲ! ಆ ಟ್ಯೂಬ್‌ನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ. ಅದರ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆದಾಗ ಎರಡು ಲಕ್ಷ ಬಂತು. ಆ ಹೆಣ್ಣುಮಗಳಿಗೆ ಕಾಯಿಲೆಯೇ ಇರಲಿಲ್ಲ. ಸ್ಲೈಡ್ ನೋಡದಿದ್ದರೆ ಕಡತದಲ್ಲಿ ಏನು ಕೂರುತ್ತಿತ್ತು, ಯೋಚಿಸಿ.

ಇನ್ನೊಂದು ವಿಷಯ. ಡೆನ್ಮಾರ್ಕ್‌ನ ದಾಖಲೆ 1977ರಿಂದ ಇದ್ದರೂ ಹೊರರೋಗಿಗಳು ಸೇರಿದ್ದು 1995ರಿಂದ. ಐಟಿಪಿ ಇರುವ ಎಷ್ಟೋ ಜನ ಅಡ್ಮಿಟ್ ಆಗುವುದೇ ಇಲ್ಲ ಅಲ್ವಾ? ಹಳೆಯ ವರ್ಷಗಳ ಜೊತೆ ಸುಮ್ನೆ ಹೋಲಿಸಿದರೆ ಕಾಯಿಲೆ ಜಾಸ್ತಿ ಆದಂತೆ ಕಾಣುತ್ತದೆ. ಇಂಥ ಅಂಕಿ ಕೊಡುವವರು ಎಷ್ಟು ಕಡತಗಳನ್ನು ತೆರೆದು, ಲ್ಯಾಬ್ ವರದಿಯ ಜೊತೆ ತಾಳೆ ನೋಡಿದ್ದಾರೆ ಎಂಬುದನ್ನೂ ಪಕ್ಕದಲ್ಲೇ ಬರೆಯಲಿ.