ಬಡಗಿ ಬಿಲ್ ಮತ್ತು ನಮ್ಮ ಸ್ಪೋರ್ಟ್ಸ್ ಕೋಟಾ

ಅಮೆರಿಕದ ಮಿನೆಸೋಟಾದಲ್ಲಿ ಹಳೆಯ ಮರದ ಐಸ್ ಹಾಕಿ ಸ್ಟಿಕ್ಕುಗಳ ಮೇಲೆ ‘ಕ್ರಿಶ್ಚಿಯನ್ ಬ್ರದರ್ಸ್’ ಎಂದಿರುವುದನ್ನು ಕಂಡರೆ ಯಾವುದೋ ಮಿಷನ್ ಶಾಲೆಯದು ಅನ್ನಿಸುತ್ತದೆ. ಅಲ್ಲ, ಅದು ಮನೆತನದ ಹೆಸರು. ಕೆನಡಾ ಗಡಿಯ ವಾರೋಡ್ ಎಂಬ ಪುಟ್ಟ ಊರಿನ ಬಡಗಿಗಳು, ಬಿಲ್ ಮತ್ತು ರೋಜರ್ ಕ್ರಿಶ್ಚಿಯನ್.

1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಸೋವಿಯತ್ ತಂಡವನ್ನು 3–2ರಿಂದ ಮಣಿಸಿದಾಗ ಸಮ ಮಾಡಿದ ಗೋಲೂ ಗೆಲ್ಲಿಸಿದ ಗೋಲೂ ಬಿಲ್‌ದೇ. ಮರುದಿನ ಬೆಳಗ್ಗೆ ಚೆಕೊಸ್ಲೊವಾಕಿಯ ಎದುರು 9–4; ಅದರಲ್ಲಿ ನಾಲ್ಕು ರೋಜರ್‌ದು. ಚಿನ್ನ ಕೊರಳಿಗೆ ಬಿದ್ದ ಮೇಲೂ ಇಬ್ಬರೂ ಊರಿನ ಹವ್ಯಾಸಿ ತಂಡ ‘ವಾರೋಡ್ ಲೇಕರ್ಸ್’ಗೇ ಆಡಿದರು. 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೂ ಹೋದರು, ಅದೇ ವರ್ಷ ಹಾಲ್ ಬಾಕೆ ಎಂಬವರ ಜೊತೆ ಸ್ಟಿಕ್ ಕಾರ್ಖಾನೆಯನ್ನೂ ಹಾಕಿದರು.

ಮರ ಗೊತ್ತಿದ್ದವನಿಗೇ ಒಗ್ಗುವ ಕೆಲಸ ಅದು. ಕೋಲಿಗೆ ಆಶ್ ಮರ ಒಳ್ಳೆಯದು, ಆದರೆ ಎಳೆ ಉದ್ದಕ್ಕೂ ನೇರವಾಗಿ ಓಡಬೇಕು. ಓರೆಯಾದರೆ ಬಿರುಸಿನ ಹೊಡೆತಕ್ಕೆ ಅಲ್ಲೇ ಸೀಳುತ್ತದೆ. ಬ್ಲೇಡನ್ನು, ಅಂದರೆ ಸ್ಟಿಕ್ಕಿನ ಕೆಳತುದಿಯ ಚಪ್ಪಟೆ ಭಾಗವನ್ನು, ಕೋಲಿಗೆ ಅಂಟಿಸುವ ಬುಡದ ಕೀಲೇ ಎಲ್ಲಕ್ಕಿಂತ ದುರ್ಬಲ ಜಾಗ. ಕರಗಿದ ಮಂಜಿನ ನೀರು ಒಳಗಿಳಿದರೆ ಮರ ಮೆತ್ತಗಾಗುತ್ತದೆ. ಅದಕ್ಕೇ ಮೇಲೆ ಫೈಬರ್‌ಗ್ಲಾಸು, ರಾಳದ ಹೊದಿಕೆ. ಸ್ಕೇಟ್ ಹಾಕಿ ನಿಂತಾಗ ಸ್ಟಿಕ್ಕಿನ ಮೇಲ್ತುದಿ ಗದ್ದದವರೆಗೆ ಬಂದರೆ ಅಳತೆ ಸರಿ. ಕೋಲಿಗೂ ಬ್ಲೇಡಿಗೂ ನಡುವಿನ ಕೋನ ಆಟಗಾರನ ಬಾಗುವಿಕೆಗೆ ಹೊಂದದಿದ್ದರೆ ಬ್ಲೇಡಿನ ತುದಿಯೋ ಬುಡವೋ ಮೇಲೆದ್ದು ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅಡಿಯಲ್ಲೇ ನುಸುಳಿ ಹೋಗುತ್ತದೆ. ಇವೆಲ್ಲ ಆಡಿದ ಕೈಗೆ ಗೊತ್ತಿದ್ದ ಸಂಗತಿಗಳು.

ನಮ್ಮೂರಲ್ಲಿ ಹುಡುಗ ಸ್ಟಿಕ್ ಹಿಡಿದರೆ ಮೊದಲ ಪ್ರಶ್ನೆ, “ಕೋಟಾದಲ್ಲಿ ಕೆಲಸ ಸಿಗುತ್ತಾ?” ರೈಲ್ವೆಯೋ ಬ್ಯಾಂಕೋ ಸಿಕ್ಕ ದಿನ ಅಪ್ಪ-ಅಮ್ಮನಿಗೆ ನೆಮ್ಮದಿ, ಎಷ್ಟೋ ಮಕ್ಕಳ ಆಟಕ್ಕೆ ಅಲ್ಲೇ ಮಂಗಳ. ಕೈಕಸುಬು ಉಳಿಸಿಕೊಂಡು, ಆಟವನ್ನೂ ಉಳಿಸಿಕೊಂಡು ಬದುಕಬಹುದು ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ಕ್ರಿಶ್ಚಿಯನ್ನರ ಮನೆಯಲ್ಲಿ ಅದು ಮುಂದುವರಿಯಿತು: ಅಣ್ಣ ಗಾರ್ಡನ್‌ಗೆ 1956ರಲ್ಲೇ ಬೆಳ್ಳಿ, ಬಿಲ್ ಮಗ ಡೇವ್‌ಗೆ 1980ರಲ್ಲಿ ಚಿನ್ನ.

ಅದೇ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ನಮ್ಮ ಹಾಕಿ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು, ಅವರು ಕಂಪನಿ ಕೆಲಸದಲ್ಲಿದ್ದುಕೊಂಡೇ ಆಡಿದವರು, ಒಪ್ಪಬೇಕು. ಇನ್ನು ಮನೆತನದ ಆಟ ಅಂದರೆ ಕೊಡಗನ್ನು ಬಿಟ್ಟು ಮಾತಾಡುವಂತಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ಒಕ್ಕದ (ಕೊಡವ ಮನೆತನದ) ತಂಡದಲ್ಲಿ ಇಳಿಯುತ್ತಾರೆ. ಆ ಅಜ್ಜನಿಗೆ ಯಾವ ಕೋಟಾದ ಕೆಲಸವೂ ಬೇಕಿಲ್ಲ.